ಕಚೇರಿ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು: ಲಿನಕ್ಸ್ ಮತ್ತು ಮಲೆನಾಡಿನ ಮೂರು ತಾಲೂಕು

ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಒಂದೊಂದು ಚುಕ್ಕೆಯನ್ನೂ ಲೆಕ್ಕ ಹಾಕಿ ಮಾನಿಟರಿಗೆ ಕಳಿಸುವ ಭಾಗಕ್ಕೆ ಗ್ರಾಫಿಕ್ಸ್ ಘಟಕ ಎನ್ನುತ್ತಾರೆ. ಅದು ಪ್ರೊಸೆಸರಿನ ಒಳಗೇ ಅಡಕವಾಗಿರಬಹುದು. ಮದರ್‌ಬೋರ್ಡಿನ ಉದ್ದನೆಯ ಸ್ಲಾಟಿಗೆ ಬೇರೆಯಾಗಿ ಸಿಕ್ಕಿಸುವ ಕಾರ್ಡೂ ಆಗಿರಬಹುದು. ಆಟದ ಕಂಪ್ಯೂಟರು ಕೊಳ್ಳುವವರು ಅದರ ವೇಗ ನೋಡುತ್ತಾರೆ. ಲಿನಕ್ಸ್ ಹಾಕಿದ ಕಚೇರಿ ಕಂಪ್ಯೂಟರಿಗೆ ಕಾರ್ಡು ಆರಿಸುವವರು ನೋಡಬೇಕಾದ್ದು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಯಾರ ಕೈಯಲ್ಲಿದೆ, ಇನ್ನೆಷ್ಟು ವರ್ಷ ಬಾಳುತ್ತದೆ ಎಂಬುದನ್ನು. ಬಹುಪಾಲು ಕಚೇರಿಗಳಿಗೆ ಬೇರೆ ಕಾರ್ಡೇ ಬೇಡ. ಬೇಕಾದ ಕೆಲವೇ ಸಂದರ್ಭಗಳಲ್ಲಿ ತಪ್ಪು ಕಾರ್ಡು ತಂದಿಟ್ಟರೆ ಅದರ ತಾಪತ್ರಯ ವರ್ಷಗಟ್ಟಲೆ ಬಿಡದು.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಲಿನಕ್ಸ್ ಎಂದರೆ ಕಾಲೇಜು ಹುಡುಗರ ಹವ್ಯಾಸ ಎಂದು ತಿಳಿದವರು ತಾಲೂಕು ನ್ಯಾಯಾಲಯದ ಕಚೇರಿಯನ್ನು ನೆನೆಯಬೇಕು. ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳ ಗಣಕೀಕರಣಕ್ಕಾಗಿ 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿತು. ಸುಪ್ರೀಂ ಕೋರ್ಟಿನ ಇ-ಸಮಿತಿ ಉಬುಂಟು ಲಿನಕ್ಸನ್ನು ನ್ಯಾಯಾಲಯಗಳಿಗೆಂದು ಅಳವಡಿಸಿಕೊಂಡಿತು. ಪ್ರಕರಣಗಳ ದಿನಾಂಕ, ಹಂತ, ಆದೇಶಗಳನ್ನು ದಾಖಲಿಸುವ ಸಿಐಎಸ್ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಪುಣೆ ಘಟಕ ರೂಪಿಸಿತು. 2015ರಲ್ಲಿ ಎರಡನೆಯ ಹಂತ, 2023ರಲ್ಲಿ 7,210 ಕೋಟಿ ರೂಪಾಯಿಯ ಮೂರನೆಯ ಹಂತ ಮಂಜೂರಾದವು. ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗಾಗಿ ಮುಕ್ತ ತಂತ್ರಾಂಶ ನೀತಿಯನ್ನು ಪ್ರಕಟಿಸಿದ್ದೂ 2015ರಲ್ಲೇ. ಹೀಗಾಗಿ ಈ ಮೂರು ಊರುಗಳಲ್ಲಿ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ವಿಚಾರ ಬಂದರೆ ಅದು ಕಕ್ಷಿದಾರ, ವಕೀಲ, ಶಿರಸ್ತೇದಾರರ ದಿನನಿತ್ಯದ ಕೆಲಸಕ್ಕೆ ಸಂಬಂಧಪಟ್ಟ ವಿಚಾರ.

ಇನ್ನೊಂದು ಕಾರಣವೂ ಈಚೆಗೆ ಸೇರಿಕೊಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರುಗಳನ್ನು. ಅದಕ್ಕಿಂತ ಹಳೆಯ, ಆದರೆ ಗಟ್ಟಿಮುಟ್ಟಾಗಿ ಓಡುವ ಯಂತ್ರಗಳು ಸಹಕಾರ ಸಂಘ, ಅಡಿಕೆ ಮಂಡಿ, ಶಾಲೆ, ವಕೀಲರ ಕೋಣೆ, ಜೆರಾಕ್ಸ್ ಅಂಗಡಿ ಎಲ್ಲೆಲ್ಲೂ ಸಿಗುತ್ತವೆ. ಅವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವ ದಾರಿ ಲಿನಕ್ಸ್.

ಮಲೆನಾಡಿನ ಪರಿಸರ ಈ ಆಯ್ಕೆಗೆ ತನ್ನದೇ ಷರತ್ತು ಹಾಕುತ್ತದೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಹೊಸನಗರ ತಾಲೂಕಿನ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುವ ಜಾಗ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆ, ಕಡತ, ಬಟ್ಟೆಗೆಲ್ಲ ಹಿಡಿಯುವ ತೇವ ಕಂಪ್ಯೂಟರಿನ ಒಳಕ್ಕೂ ಇಳಿಯುತ್ತದೆ. ಸ್ಲಾಟಿಗೆ ಸಿಕ್ಕಿಸಿದ ಕಾರ್ಡಿನ ಹಿತ್ತಾಳೆ ಬಣ್ಣದ ಅಂಚಿನಲ್ಲಿ ಮಸುಕು ಕಟ್ಟಿ ಸಂಪರ್ಕ ಸಡಿಲವಾದರೆ ಪರದೆ ಕಪ್ಪಾಗಿ ಕೂರುತ್ತದೆ. ಇಲ್ಲಿನ ರಿಪೇರಿಯವರು ಕಾರ್ಡನ್ನು ಕಳಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ಉಜ್ಜಿ ಮತ್ತೆ ಹಾಕುವುದು ಈ ಕಾರಣಕ್ಕೆ. ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿಗೆ ಸ್ಲಾಟೂ ಇಲ್ಲ, ಬೇರೆ ಫ್ಯಾನೂ ಇಲ್ಲ. ಕೆಡಬಹುದಾದ ಎರಡು ಭಾಗಗಳು ಅಷ್ಟರಮಟ್ಟಿಗೆ ಕಡಿಮೆ.

ಕರೆಂಟಿನ ಲೆಕ್ಕವೂ ಇದೆ. ಜಲವಿದ್ಯುತ್ತಿಗೆ ನೀರು ಕೊಡುವ ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲೂಕಿನಲ್ಲೇ ಇದ್ದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಹಳ್ಳಿಯ ಸಹಕಾರ ಸಂಘ ಯುಪಿಎಸ್ ಮೇಲೇ ದಿನ ದೂಡಬೇಕು. ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವಾಟ್. ಅದರ ಬ್ಯಾಟರಿ ಚಿಕ್ಕದು. ಸ್ಲಾಟಿನಿಂದಲೇ ವಿದ್ಯುತ್ ಪಡೆಯುವ ಕಾರ್ಡು ಗರಿಷ್ಠ 75 ವಾಟ್ ಎಳೆಯಬಹುದು. ಕಚೇರಿ ಕೆಲಸದಲ್ಲಿ ಅಷ್ಟೊಂದು ಎಳೆಯುವುದಿಲ್ಲ ನಿಜ. ಆದರೂ ಬರೆಯುತ್ತಿದ್ದುದನ್ನು ಉಳಿಸಿ ಯಂತ್ರ ಆರಿಸಲು ಸಿಗುವ ಕೆಲವೇ ನಿಮಿಷಗಳಲ್ಲಿ ಅದೂ ಪಾಲು ಕೇಳುತ್ತದೆ. ಜಿಲ್ಲಾ ಕೇಂದ್ರದಿಂದ ಈ ಊರುಗಳು ಅರವತ್ತು–ಎಪ್ಪತ್ತು ಕಿಲೋಮೀಟರ್ ದೂರ. ಡ್ರೈವರ್ ಕೆಟ್ಟಿತೆಂದು ಶಿವಮೊಗ್ಗದಿಂದ ಎಂಜಿನಿಯರನ್ನು ಕರೆಸುವುದೆಂದರೆ ಒಂದು ದಿನದ ಕೆಲಸ ಹಾಳು.

ಹಾಗಾದರೆ ಕಚೇರಿಗೆ ಗ್ರಾಫಿಕ್ಸ್ ಎಷ್ಟು ಬೇಕು? ಲಿಬ್ರೆ ಆಫೀಸಿನಲ್ಲಿ ಪತ್ರ, ಪಟ್ಟಿ, ಬ್ರೌಸರಿನಲ್ಲಿ ಇಲಾಖೆಯ ತಾಣ, ಪಿಡಿಎಫ್ ಓದು, ಮುದ್ರಣ. ಇವ್ಯಾವೂ ಗ್ರಾಫಿಕ್ಸ್ ಘಟಕಕ್ಕೆ ಭಾರವಲ್ಲ. ಗ್ನೋಮ್‌ನಂಥ ಆಧುನಿಕ ಡೆಸ್ಕ್‌ಟಾಪ್ ಮಾತ್ರ ಕಿಟಕಿಗಳನ್ನು ಒಂದರ ಮೇಲೊಂದು ಜೋಡಿಸುವ ಕೆಲಸವನ್ನು ಗ್ರಾಫಿಕ್ಸ್ ಘಟಕಕ್ಕೇ ಒಪ್ಪಿಸುತ್ತದೆ. ಡ್ರೈವರ್ ಸರಿಯಿಲ್ಲದಿದ್ದರೆ ಆ ಲೆಕ್ಕವೆಲ್ಲ ಪ್ರೊಸೆಸರಿನ ತಲೆಗೆ ಬಂದು, ಮೌಸ್ ಎಳೆದರೂ ಯಂತ್ರ ಏದುಸಿರು ಬಿಡುತ್ತದೆ. ಎರಡನೆಯ ಹೊರೆ ವಿಡಿಯೊ. ಕೋವಿಡ್ ಕಾಲದಿಂದೀಚೆಗೆ ನ್ಯಾಯಾಲಯದ ವಿಚಾರಣೆ, ಇಲಾಖಾ ಸಭೆ, ತರಬೇತಿ ವಿಡಿಯೊ ಕಾನ್ಫರೆನ್ಸಿಗೂ ಬಂದಿವೆ. ವಿಡಿಯೊ ಬಿಡಿಸುವ ಕೆಲಸಕ್ಕೆ ಗ್ರಾಫಿಕ್ಸ್ ಘಟಕದಲ್ಲಿ ಪ್ರತ್ಯೇಕ ವಿಭಾಗ ಇರುತ್ತದೆ. ಲಿನಕ್ಸಿನಲ್ಲಿ ಅದನ್ನು ಮುಖ್ಯವಾಗಿ ವಿಎ-ಎಪಿಐ ಎಂಬ ಮಾರ್ಗದಲ್ಲಿ ಬಳಸುತ್ತಾರೆ. ಫೈರ್‌ಫಾಕ್ಸ್ 2023ರ ಜುಲೈನ 115ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿ ಇಂಟೆಲ್ ಗ್ರಾಫಿಕ್ಸಿಗೆ ಈ ಸೌಲಭ್ಯವನ್ನು ತಾನಾಗಿಯೇ ಚಾಲೂ ಮಾಡುತ್ತದೆ.

ಲಿನಕ್ಸಿನಲ್ಲಿ ಗ್ರಾಫಿಕ್ಸ್ ಡ್ರೈವರಿಗೆ ಎರಡು ಅಂಗ. ಒಂದು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗಿದ್ದು ಯಂತ್ರಾಂಶವನ್ನು ನೇರವಾಗಿ ನಡೆಸುತ್ತದೆ. ಇನ್ನೊಂದು ಮೇಸಾ ಎಂಬ ಗ್ರಂಥಾಲಯ. ಬ್ರಯಾನ್ ಪಾಲ್ 1993ರಲ್ಲಿ ಬರೆಯಲಾರಂಭಿಸಿದ ಇದು ಇಂದು ಮೂರು ಆಯಾಮದ ಚಿತ್ರಣದ ಅಡಿಪಾಯ. ಈ ಎರಡೂ ಕಡೆ ತೆರೆದ ಮೂಲ ಸಂಕೇತ ಇರುವ ಕಾರ್ಡಿಗೆ ಬಳಕೆದಾರ ಏನನ್ನೂ ಹುಡುಕಿ ಹಾಕಬೇಕಿಲ್ಲ. ಉಬುಂಟು ಅಥವಾ ಡೆಬಿಯನ್ ಅನುಸ್ಥಾಪಿಸಿದರೆ ಡ್ರೈವರ್ ಜೊತೆಗೇ ಬಂದಿರುತ್ತದೆ, ಕರ್ನಲ್ ನವೀಕರಣವಾದಾಗ ಅದೂ ನವೀಕರಣವಾಗುತ್ತದೆ. ಮುಚ್ಚಿದ ಡ್ರೈವರಿನ ಕಾರ್ಡು ಹಾಗಲ್ಲ. ಆ ಡ್ರೈವರನ್ನು ಕಂಪನಿ ಪ್ರತ್ಯೇಕವಾಗಿ ಕೊಡಬೇಕು, ಕರ್ನಲ್ ಬದಲಾದಾಗಲೆಲ್ಲ ಹೊಸದಾಗಿ ಹೊಂದಿಸಬೇಕು. ಕಂಪನಿ ಕೈಬಿಟ್ಟ ದಿನ ಕಾರ್ಡಿನ ಆಯುಸ್ಸೂ ಮುಗಿಯಿತು, ಕಾರ್ಡು ಎಷ್ಟೇ ಗಟ್ಟಿಯಾಗಿದ್ದರೂ.

ಇಂಟೆಲ್ ಈ ಲೆಕ್ಕದಲ್ಲಿ ಕಚೇರಿಗಳ ಮೊದಲ ಆಯ್ಕೆ. ಅದರ ಐ915 ಡ್ರೈವರ್ ಬಹಳ ಕಾಲದಿಂದ ಕರ್ನಲ್‌ನಲ್ಲಿದೆ, 2009ರ 2.6.29ನೆಯ ಆವೃತ್ತಿಯಲ್ಲಿ ಪರದೆಯ ವಿನ್ಯಾಸವನ್ನು ಕರ್ನಲ್ಲೇ ನಿಯಂತ್ರಿಸುವ ಹೊಸ ಪದ್ಧತಿ ಮೊದಲು ಸಿಕ್ಕಿದ್ದೂ ಇಂಟೆಲ್ ಯಂತ್ರಗಳಿಗೆ. 2011ರ ಸ್ಯಾಂಡಿ ಬ್ರಿಡ್ಜ್ ತಲೆಮಾರಿನಿಂದ ಈಚಿನ ಎಚ್‌ಡಿ ಗ್ರಾಫಿಕ್ಸ್, ಯುಎಚ್‌ಡಿ ಗ್ರಾಫಿಕ್ಸ್‌ಗಳು ಕಚೇರಿಗೆ ಧಾರಾಳ ಸಾಕು. ಮೇಸಾದವರು 2022ರಲ್ಲಿ ಹಳೆಯ ಶೈಲಿಯ ಡ್ರೈವರುಗಳನ್ನು ತೆಗೆದುಹಾಕಿದಾಗಲೂ 2006ರ ಸುಮಾರಿನ ಇಂಟೆಲ್ ಚಿಪ್ಪುಗಳಿಗಾಗಿ ಕ್ರೋಕಸ್ ಎಂಬ ಹೊಸ ಡ್ರೈವರನ್ನು ಸಿದ್ಧವಾಗಿಟ್ಟಿದ್ದರು. ತಯಾರಕರು ಮರೆತೇ ಬಿಟ್ಟ ಯಂತ್ರಾಂಶವನ್ನು ಸಮುದಾಯ ಹೀಗೆ ಸಾಕಿಕೊಂಡು ಬರುವುದನ್ನು ನೋಡಿದರೆ ತೆರೆದ ಸಂಕೇತಕ್ಕೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ.

ಇಂಟೆಲ್ ಹೆಸರಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. 2008ರ ಸುಮಾರಿಗೆ ಆಟಂ ಪ್ರೊಸೆಸರಿನ ಪುಟ್ಟ ಯಂತ್ರಗಳಲ್ಲಿ ಬಂದ ಜಿಎಂಎ 500, ಆಮೇಲೆ ಬಂದ ಜಿಎಂಎ 3600 ಇಂಟೆಲ್‌ನ ಸ್ವಂತ ವಿನ್ಯಾಸಗಳಲ್ಲ; ಪವರ್‌ವಿಆರ್ ತಂತ್ರಜ್ಞಾನದವು, ಅದು ಬೇರೆ ಕಂಪನಿಯದು. ಅವುಗಳಿಗೆ ಮುಕ್ತವಾದ ಮೂರು ಆಯಾಮದ ಡ್ರೈವರ್ ಬರಲೇ ಇಲ್ಲ. ಹೊಸ ಯಂತ್ರಗಳಲ್ಲಿ ಎಚ್ಚರ ಬೇಕಾದ್ದು ಇನ್ನೊಂದು ಕಡೆ. ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಎಂದಿದ್ದರೆ, ಉದಾಹರಣೆಗೆ ಕೋರ್ ಐ5-12400ಎಫ್, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಕಂಡರೂ ಅದರಿಂದ ಚಿತ್ರ ಬರುವುದಿಲ್ಲ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರದಲ್ಲಿ ಸ್ವಲ್ಪ ಹಣ ಉಳಿಸಲು ಎಫ್ ಪ್ರೊಸೆಸರ್ ಹಾಕಿ, ಆಮೇಲೆ ಕಾರ್ಡಿಗೆ ಸಾವಿರಗಟ್ಟಲೆ ಕೊಡುವುದರಲ್ಲಿ ಅರ್ಥವಿಲ್ಲ. ಎಎಂಡಿ ರೈಜನ್‌ನಲ್ಲೂ ಇದೇ ತೊಡಕು: 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ಒಂದು ಅಕ್ಷರವನ್ನು ನೋಡಿಕೊಳ್ಳಬೇಕು.

ಎಎಂಡಿಯ ಕಥೆ ತಿರುವು ಪಡೆದದ್ದು ಅದು 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಮೇಲೆ. ಮರುವರ್ಷ, 2007ರ ಸೆಪ್ಟೆಂಬರಿನಲ್ಲಿ, ತನ್ನ ಚಿಪ್ಪುಗಳ ವಿವರಗಳನ್ನು ಮುಕ್ತ ಡ್ರೈವರ್ ಬರೆಯುವವರಿಗೆ ಕೊಡುವುದಾಗಿ ಅದು ಘೋಷಿಸಿತು. 2015ರಲ್ಲಿ ಕರ್ನಲ್ 4.2ರೊಂದಿಗೆ ಎಎಂಡಿಜಿಪಿಯು ಎಂಬ ಹೊಸ ಡ್ರೈವರ್ ಬಂತು. ಮರುವರ್ಷದ ಉಬುಂಟು 16.04 ಹಳೆಯ ಮುಚ್ಚಿದ ಡ್ರೈವರನ್ನು ಕೈಬಿಟ್ಟಿತು. ಈಗ ಬೇರೆ ಕಾರ್ಡೇ ಬೇಕೆನ್ನುವ ಲಿನಕ್ಸ್ ಕಚೇರಿಗೆ ಎಎಂಡಿಯದೇ ಸುಲಭದ ದಾರಿ. ಒಂದೇ ಮಾತು ನೆನಪಿಡಬೇಕು: ಈ ಕಾರ್ಡುಗಳು ಕೆಲಸ ಮಾಡಲು ಚಿಪ್ಪಿನೊಳಗೆ ತುಂಬುವ ಫರ್ಮ್‌ವೇರ್ ಕಡತಗಳು ಬೇಕು. ಡೆಬಿಯನ್‌ನ ಹಳೆಯ ಆವೃತ್ತಿಗಳು ಅವನ್ನು ಅನುಸ್ಥಾಪಕದಲ್ಲಿ ಇಡುತ್ತಿರಲಿಲ್ಲ. ಅನುಸ್ಥಾಪನೆ ಮುಗಿದ ಮೇಲೆ ಪರದೆ ಕಪ್ಪಾಗುವುದೋ ಚಿತ್ರ ಒರಟಾಗುವುದೋ ಆಗುತ್ತಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಅವನ್ನು ಒಳಗೇ ಸೇರಿಸಿದೆ.

ಎನ್‌ವಿಡಿಯಾ ವಿಷಯ ಬಿಡಿಸಿ ಹೇಳಬೇಕು. ಚಿಕ್ಕ ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ‘ಗ್ರಾಫಿಕ್ಸ್ ಕಾರ್ಡು ಕೊಡಿ’ ಎಂದರೆ ಮೊದಲು ಕೈಗೆ ಬರುವುದು ಅದರ ಜಿಫೋರ್ಸ್ 210, ಜಿಟಿ 610, ಜಿಟಿ 710, ಜಿಟಿ 730ಗಳಂಥ ಅಗ್ಗದ ಕಾರ್ಡುಗಳೇ. ಎನ್‌ವಿಡಿಯಾದ ಮುಚ್ಚಿದ ಡ್ರೈವರ್ ಹಲವು ಶಾಖೆಗಳಲ್ಲಿ ಬರುತ್ತದೆ, ಹಳೆಯ ಚಿಪ್ಪುಗಳು ಹಳೆಯ ಶಾಖೆಯಲ್ಲೇ ಉಳಿದುಬಿಡುತ್ತವೆ. ಜಿಫೋರ್ಸ್ 210ಕ್ಕೆ ಬೇಕಾದ 340ನೆಯ ಶಾಖೆ 2019ರ ಕೊನೆಗೆ ಮುಗಿಯಿತು. ಜಿಟಿ 610ರ 390ನೆಯ ಶಾಖೆ 2022ರ ಕೊನೆಗೆ, ಜಿಟಿ 710ರ 470ನೆಯ ಶಾಖೆ 2024ರಲ್ಲಿ ಮುಗಿದವು. ಜಿಟಿ 730 ಇನ್ನೂ ಗೊಂದಲದ್ದು: ಒಂದೇ ಹೆಸರಿನ ಪೆಟ್ಟಿಗೆಯೊಳಗೆ ಫರ್ಮಿ ತಲೆಮಾರಿನ ಚಿಪ್ಪೂ ಇರಬಹುದು, ಅದರ ನಂತರದ ಕೆಪ್ಲರ್ ಚಿಪ್ಪೂ ಇರಬಹುದು. ಮೊದಲನೆಯದಾದರೆ 390, ಎರಡನೆಯದಾದರೆ 470. ಬೆಂಬಲ ಮುಗಿದ ಶಾಖೆಯನ್ನು ಹೊಸ ಕರ್ನಲ್‌ಗೆ ಹೊಂದಿಸಲು ಯಾರೋ ಹೊರಗಿನವರು ತೇಪೆ ಹಚ್ಚಿ ಕೊಡಬೇಕು. ಕೊಡದಿದ್ದರೆ ಒಂದು ಬೆಳಗ್ಗೆ ನವೀಕರಣವಾದ ಯಂತ್ರ ಡೆಸ್ಕ್‌ಟಾಪನ್ನು ತೋರಿಸುವುದೇ ಇಲ್ಲ. ಸಾಲ ಮರುಪಾವತಿಯ ಕೊನೆಯ ದಿನ ಸಂಘದ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಹೀಗಾದರೆ ಅದರ ಬೆಲೆ ಕಾರ್ಡಿನ ಬೆಲೆಗಿಂತ ಬಹಳ ದೊಡ್ಡದು.

ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಇನ್ನೊಂದು ತೊಡಕು. ಹೊರಗಿನಿಂದ ಬಂದ ಡ್ರೈವರಿಗೆ ಸಹಿ ಮಾಡಿದ ಕೀಲಿಯನ್ನು ಯಂತ್ರ ಏಳುವಾಗ ಕಾಣುವ ನೀಲಿ ಪರದೆಯಲ್ಲಿ ಒಪ್ಪಿಸಬೇಕು. ಆ ಪರದೆ ಏನೆಂದು ಗೊತ್ತಿಲ್ಲದ ಗುಮಾಸ್ತರು ಮುಂದೆ ಒತ್ತಿಬಿಟ್ಟರೆ ಡ್ರೈವರ್ ಏಳುವುದಿಲ್ಲ.

ಎನ್‌ವಿಡಿಯಾ ಕಾರ್ಡಿಗೂ ಮುಕ್ತ ಡ್ರೈವರ್ ಇದೆ. ಕಂಪನಿ ವಿವರ ಕೊಡದಿದ್ದರೂ ಚಿಪ್ಪು ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಿ ಪರೀಕ್ಷಿಸಿ ಸ್ವಯಂಸೇವಕರು ಬರೆದ ನೂವೋ ಡ್ರೈವರ್ 2010ರಲ್ಲಿ ಕರ್ನಲ್ ಸೇರಿತು. ಅದರ ಹಿಂದಿನ ಶ್ರಮ ಅಸಾಮಾನ್ಯ. ಹಳೆಯ ಕಾರ್ಡುಗಳಲ್ಲಿ ಪತ್ರ ಬರೆಯಲು, ತಾಣ ನೋಡಲು ಅದು ಸಾಕಾಗುತ್ತದೆ. ಆದರೆ 2014ರ ಜಿಟಿಎಕ್ಸ್ 900 ಸರಣಿಯಿಂದ ಕಂಪನಿ ತಾನು ಸಹಿ ಮಾಡಿದ ಫರ್ಮ್‌ವೇರನ್ನು ಕಡ್ಡಾಯ ಮಾಡಿತು. ನೂವೋಗೆ ಆ ಕಾರ್ಡುಗಳ ವೇಗ ಏರಿಸುವ ದಾರಿಯೇ ಮುಚ್ಚಿಹೋಯಿತು. ಲಿನಕ್ಸಿನ ಜನಕ ಲೀನಸ್ ಟೋರ್‌ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಎನ್‌ವಿಡಿಯಾ ಮೇಲೆ ಬಹಿರಂಗವಾಗಿ ಸಿಟ್ಟಾದದ್ದು ಕಂಪನಿಯ ಇಂಥ ಅಸಹಕಾರಕ್ಕೇ. ಕಂಪನಿ 2022ರ ಮೇ ತಿಂಗಳಲ್ಲಿ ಕರ್ನಲ್ ಭಾಗದ ಸಂಕೇತವನ್ನು ತೆರೆದಿಟ್ಟಿತು. ಆದರೆ ಅದು ಟ್ಯೂರಿಂಗ್ ತಲೆಮಾರಿನ ಮತ್ತು ನಂತರದ ಚಿಪ್ಪುಗಳಿಗೆ ಮಾತ್ರ. ಕಚೇರಿಯವರು ಕೊಳ್ಳುವ ಅಗ್ಗದ ಕಾರ್ಡುಗಳಿಗೆ ಅದರಿಂದ ಪ್ರಯೋಜನವಿಲ್ಲ. ಮೇಲಿನವಕ್ಕಿಂತ ಹೊಸದಾದ ಜಿಟಿ 1030 ಕೂಡ ಟ್ಯೂರಿಂಗ್‌ಗೆ ಹಿಂದಿನ ಪಾಸ್ಕಲ್ ಚಿಪ್ಪಿನದು. ಅದಕ್ಕೆ 580ನೆಯ ಶಾಖೆಯೇ ಕೊನೆ.

ಟೆಂಡರಿನ ಷರತ್ತಿನಲ್ಲಿ ‘2 ಜಿಬಿ ಗ್ರಾಫಿಕ್ಸ್ ಕಾರ್ಡು’ ಎಂದಷ್ಟೇ ಬರೆದರೆ ಏನಾಗುತ್ತದೆ ಎಂಬುದು ಇಲ್ಲಿ ಸ್ಪಷ್ಟ. ಜಿಟಿ 730 ಆ ಷರತ್ತನ್ನು ಪೂರೈಸುತ್ತದೆ, ಕಚೇರಿಯ ಅಗತ್ಯವನ್ನು ಪೂರೈಸುವುದಿಲ್ಲ. ಕಾರ್ಡಿನ ಮೆಮೊರಿ ಎಷ್ಟು ಎನ್ನುವ ಸಂಖ್ಯೆ ಕಚೇರಿ ಕೆಲಸಕ್ಕೆ ಅಪ್ರಸ್ತುತ. ‘ತಯಾರಕ ಕಂಪನಿಯೇ ಬೆಂಬಲಿಸುವ ಡ್ರೈವರ್ ಮುಖ್ಯ ಲಿನಕ್ಸ್ ಕರ್ನಲ್ ಮತ್ತು ಮೇಸಾದಲ್ಲಿ ಇರಬೇಕು’ ಎಂಬ ಒಂದು ಸಾಲು ಸೇರಿಸಿದರೆ ತೊಂದರೆ ಕೊಡುವ ಹೆಚ್ಚಿನ ಕಾರ್ಡುಗಳು ಬಾಗಿಲಲ್ಲೇ ನಿಲ್ಲುತ್ತವೆ.

ಬೇರೆ ಕಾರ್ಡು ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಮದರ್‌ಬೋರ್ಡಿನ ಚಿತ್ರದ ಕಿಂಡಿ ಸಿಡಿಲಿಗೋ ತುಕ್ಕಿಗೋ ಕೆಟ್ಟಿರಬಹುದು. ಮೂರು ಮಾನಿಟರು ಬೇಕಾಗಬಹುದು. ಸಿಸ್ ಕಂಪನಿಯ ಮಿರಾಜ್ ಚಿಪ್ಪು ಇದ್ದ ಹಳೆಯ ಮದರ್‌ಬೋರ್ಡು ಲಿನಕ್ಸಿನಲ್ಲಿ ಸರಿಯಾದ ಚಿತ್ರವನ್ನೇ ಕೊಡದಿರಬಹುದು. ಸಾಗರ ತಾಲೂಕಿನ ಹೆಗ್ಗೋಡಿನಂಥ ಊರಿನಲ್ಲಿ, ನೀನಾಸಮ್ 1949ರಿಂದ ರಂಗಭೂಮಿಯನ್ನು ಕಟ್ಟಿಕೊಂಡು ಬಂದ ನೆಲದಲ್ಲಿ, ನಾಟಕದ ವಿಡಿಯೊವನ್ನು ಸಂಕಲಿಸುವವರಿಗೆ ಗ್ರಾಫಿಕ್ಸಿನ ಅಗತ್ಯ ಗುಮಾಸ್ತರ ಅಗತ್ಯಕ್ಕಿಂತ ಹೆಚ್ಚು. ಇಂಥ ಕಡೆ 50 ವಾಟಿನ ಎಎಂಡಿ ಆರ್‌ಎಕ್ಸ್ 550 ಪರದೆಯ ಕೆಲಸಕ್ಕೆ ಸಾಕು. 2022ರ ಆರ್‌ಎಕ್ಸ್ 6400 ಹೊಸದು, ವೇಗದ್ದು. ಆದರೆ ಅದರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ವಿಭಾಗ ಇಲ್ಲ, ಎವಿ1 ರೂಪದ ವಿಡಿಯೊ ಬಿಡಿಸುವ ಶಕ್ತಿಯೂ ಇಲ್ಲ. ಸಂಕಲನಕಾರರು ಇದನ್ನು ಮೊದಲೇ ತಿಳಿದಿರಬೇಕು. ಇಂಟೆಲ್‌ನ ಆರ್ಕ್ ಎ310ರಲ್ಲಿ ಎರಡೂ ಇವೆ, ಆದರೆ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರಿಗೆ ಒಟ್ಟಿಗೇ ತೆರೆದಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದ ಹಳೆಯ ಮದರ್‌ಬೋರ್ಡಿನಲ್ಲಿ ಅದು ಸೊರಗುತ್ತದೆ.

ಕಾರ್ಡಿನ ಉದ್ದಗಲವೂ ಲೆಕ್ಕಕ್ಕೆ ಬರುತ್ತದೆ. ನವೀಕರಿಸಿ ಮಾರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳ ತೆಳು ಪೆಟ್ಟಿಗೆಗಳಿಗೆ ಗಿಡ್ಡ ಕಾರ್ಡು ಮತ್ತು ಗಿಡ್ಡ ಪಟ್ಟಿಯೇ ಬೇಕು. ಹೊಸ ಕಾರ್ಡುಗಳಲ್ಲಿ ವಿಜಿಎ ಕಿಂಡಿ ಇರುವುದಿಲ್ಲ. ಕಚೇರಿಯ ಹಳೆಯ ಮಾನಿಟರಿನಲ್ಲಿ ಅದೊಂದೇ ಇರುತ್ತದೆ. ಆಗ ಚಿತ್ರದ ಸಂಕೇತವನ್ನು ನಿಜವಾಗಿ ಪರಿವರ್ತಿಸುವ ಅಡಾಪ್ಟರ್ ಬೇಕು, ಬರೀ ತಂತಿ ಜೋಡಿಸಿದ ಕೇಬಲ್ ನಡೆಯದು.

ಕಾರ್ಡಿನ ಮೇಲೆ ವೃಥಾ ಹೊರಿಸುವ ಆರೋಪವೊಂದನ್ನು ಇಲ್ಲಿ ತೆಗೆದುಹಾಕಬೇಕು. ಲಿನಕ್ಸಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಂಡರೆ, ದೀರ್ಘ ಬೇರೆಯಾಗಿ ನಿಂತರೆ ಗ್ರಾಫಿಕ್ಸ್ ಕಾರ್ಡು ಬದಲಿಸಿ ಫಲವಿಲ್ಲ. ಅಕ್ಷರಗಳನ್ನು ಕೂಡಿಸುವ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಅದು ಫಾಂಟಿನೊಳಗಿನ ನಿಯಮಗಳನ್ನು ಓದಿ ಪ್ರೊಸೆಸರಿನಲ್ಲೇ ನಡೆಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಕನ್ನಡ ಫಾಂಟುಗಳು ಸಿಗುತ್ತವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕಗಪ ಕೀಲಿಮಣೆಯೂ ಉಂಟು. ಸಾಕ್ಷಿ ಹೇಳಿಕೆಯನ್ನು ಕನ್ನಡದಲ್ಲಿ ಬೆರಳಚ್ಚಿಸುವ ನ್ಯಾಯಾಲಯದಲ್ಲಿ ಫಾಂಟಿನ ಸಮಸ್ಯೆಯನ್ನು ಕಾರ್ಡಿನದೆಂದು ಭ್ರಮಿಸಿದರೆ ಹಣವೂ ಹೋಯಿತು, ಒತ್ತಕ್ಷರವೂ ಕೂಡಲಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಬರೆದ ಕಡತಗಳು ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದೂ ಇದೇ ಬಗೆಯದು: ಅವನ್ನು ಯುನಿಕೋಡಿಗೆ ಪರಿವರ್ತಿಸಬೇಕು.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲಿನಕ್ಸಿನ ಅನುಭವ ಬಹಳ ವರ್ಷಗಳದು. ಕೇರಳ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆ ಕ್ರಮೇಣ ಪೂರ್ತಿ ಲಿನಕ್ಸಿಗೆ ಹೊರಳಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಮಾಹಿತಿ ತಂತ್ರಜ್ಞಾನದ ಪಠ್ಯ ಅಲ್ಲಿ ಕನ್ನಡದಲ್ಲೂ ಇದೆ. ಅಲ್ಲಿನ ಮಕ್ಕಳು ದಿನವೂ ಲಿನಕ್ಸ್ ಬಳಸುತ್ತಿರುವಾಗ ಸಾಗರ, ತೀರ್ಥಹಳ್ಳಿಯ ಕಚೇರಿಗಳು ಅದಕ್ಕೆ ಹಿಂಜರಿಯಬೇಕಾದ ಕಾರಣ ಕಾಣುವುದಿಲ್ಲ.

ಕೊಳ್ಳುವ ಮೊದಲು ಪರೀಕ್ಷಿಸುವುದು ಕಷ್ಟವಲ್ಲ. ಉಬುಂಟು ಅಥವಾ ಮಿಂಟ್ ಹಾಕಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಎಲ್ಲ ನೋಡಬಹುದು. ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಚಿಪ್ಪಿನ ನಿಜವಾದ ಹೆಸರು ಸಿಗುತ್ತದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಇದನ್ನು ನಂಬಬೇಕು. ಜಿಟಿ 730ರೊಳಗೆ ಯಾವ ಚಿಪ್ಪಿದೆ ಎಂಬುದೂ ಹೀಗೇ ತಿಳಿಯುತ್ತದೆ. ವ್ಯವಸ್ಥೆಯ ವಿವರದ ಪುಟದಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಡ್ರೈವರ್ ಏಳಲಿಲ್ಲ, ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆ ಎಂದರ್ಥ. ಒಂದು ವಿಡಿಯೊ ಓಡಿಸಿ, ಎರಡು ಮಾನಿಟರು ಜೋಡಿಸಿ, ಯಂತ್ರವನ್ನು ನಿದ್ರೆಗೆ ಕಳಿಸಿ ಎಬ್ಬಿಸಿ ನೋಡಬೇಕು. ಹಳೆಯ ಕಾರ್ಡುಗಳು ಎಡವುವುದು ಹೆಚ್ಚಾಗಿ ನಿದ್ರೆಯಿಂದ ಏಳುವಾಗಲೇ.

ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಯಂತ್ರದ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ 8 ಜಿಬಿಯ ಒಂದು ಪಟ್ಟಿಗಿಂತ 4 ಜಿಬಿಯ ಎರಡು ಪಟ್ಟಿ ಹಾಕಿದರೆ ಅದಕ್ಕೆ ದಾರಿ ಅಗಲವಾಗುತ್ತದೆ. ಕಾರ್ಡಿಗೆಂದು ಎತ್ತಿಟ್ಟ ಹಣ ಇದ್ದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದು, ಇನ್ನೊಂದು ರ್‍ಯಾಮ್ ಪಟ್ಟಿ ತರುವುದು, ಅರ್ಥಿಂಗ್ ಸರಿಪಡಿಸುವುದು, ಯುಪಿಎಸ್‌ನ ಸೊರಗಿದ ಬ್ಯಾಟರಿ ಬದಲಿಸುವುದು ಈ ಮೂರು ತಾಲೂಕುಗಳ ಕಚೇರಿಗಳಿಗೆ ಹೆಚ್ಚು ಉಪಯೋಗದ ಖರ್ಚು.